ಗಾಡಿಯ ಷೆಡ್ಡು ಮತ್ತು ವಾಸದ ಕೋಣೆ: ರಾಮನಗರ ಸೀಮೆಯಲ್ಲಿ ಕಟ್ಟಡ ಪರವಾನಗಿಯ ಚರಿತ್ರೆ

ಹಳೆಯ ಮೈಸೂರು ಸೀಮೆಯ ಒಕ್ಕಲುಮನೆಗಳಲ್ಲಿ ಜನವಾಸಕ್ಕೂ ದನದ ಕೊಟ್ಟಿಗೆಗೂ ನಡುವೆ ಹಲವೆಡೆ ಒಂದು ಗೋಡೆಯಷ್ಟೇ ಅಂತರ. ಎಷ್ಟೋ ಕಡೆ ಅದೂ ಇರಲಿಲ್ಲ. ರಾಮನಗರ, ಕನಕಪುರ, ಮಾಗಡಿಗಳ ರೇಷ್ಮೆ ಬೆಳೆಗಾರರು ವಾಸದ ಮನೆಯೊಳಗೇ ತಟ್ಟೆ, ಚಂದ್ರಿಕೆಗಳನ್ನಿರಿಸಿ ಹುಳು ಸಾಕುತ್ತಿದ್ದರು. ಚನ್ನಪಟ್ಟಣದ ಬೊಂಬೆ ಕೆಲಸದವರಲ್ಲಿ ಹಲವರಿಗೆ ಮನೆಯೇ ಕಾರ್ಖಾನೆಯಾಗಿತ್ತು. ಇಂತಹ ನಾಡಿನಲ್ಲಿ ಕಾರು ನಿಲ್ಲಿಸುವ ಷೆಡ್ಡನ್ನು ಮಲಗುವ ಕೋಣೆಯಾಗಿ ಮಾಡಿಕೊಳ್ಳಲು ಅಪ್ಪಣೆ ಬೇಕೆಂಬ ನಿಯಮ ಹೇಗೆ ಬೆಳೆದು ಬಂದಿತೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಮನೆ ಅಂದಿನಿಂದ ಸರ್ಕಾರದ ಚಿಂತೆಗೂ ವಿಷಯವಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಬೆಳವಣಿಗೆಯೂ, 1903ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ ಈ ಚಿಂತೆಯ ಫಲಗಳೇ. ಧಾರವಾಡ, ಬೆಳಗಾವಿ ಮುಂತಾದ ಕನ್ನಡ ಜಿಲ್ಲೆಗಳಿಗೆ ಅನ್ವಯಿಸುತ್ತಿದ್ದ 1901ರ ಮುಂಬಯಿ ಜಿಲ್ಲಾ ಪುರಸಭೆಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನುಷ್ಯವಾಸಕ್ಕೆಂದು ಕಟ್ಟದಿದ್ದ ಕಟ್ಟಡವನ್ನು ವಾಸಸ್ಥಾನವಾಗಿ ಮಾರ್ಪಡಿಸುವುದೂ ಹೊಸ ಕಟ್ಟಡ ಕಟ್ಟಿದಂತೆಯೇ ಎಂದು ಅದು ಪರಿಗಣಿಸಿತು. ಒಂದು ಇಟ್ಟಿಗೆಯನ್ನೂ ಕದಲಿಸದಿದ್ದರೂ, ಉಪಯೋಗ ಬದಲಾದರೆ ಕಟ್ಟಡವೇ ಬದಲಾದಂತೆ ಎಂಬುದು ಇದರ ಇಂಗಿತ.

ನಮ್ಮ ನಾಲ್ಕು ಪಟ್ಟಣಗಳು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1906ರ ಪುರಸಭಾ ರೆಗ್ಯುಲೇಷನ್ನೂ, ಮುಂದೆ 1951ರ ಟೌನ್ ಮುನಿಸಿಪಾಲಿಟಿ ಕಾಯಿದೆಯೂ ಬಂದವು. ರಾಜ್ಯ ಏಕೀಕರಣದ ತರುವಾಯ 1964ರ ಪುರಸಭೆಗಳ ಕಾಯಿದೆ ಇವುಗಳ ಸ್ಥಾನವನ್ನು ಪಡೆಯಿತು. ಅದರ 187ನೆಯ ಪ್ರಕರಣದಂತೆ, ಕಟ್ಟುವ ಮೊದಲೇ ಪುರಸಭೆಗೆ ತಿಳಿಸಿ ಅಪ್ಪಣೆ ಪಡೆಯತಕ್ಕದ್ದು. ಹಳ್ಳಿಗಳಲ್ಲಿ ಈ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯಿತಿಗೆ ಕೊಟ್ಟಿತು. ಇದಲ್ಲದೆ 1965ರಲ್ಲಿ ಜಾರಿಗೆ ಬಂದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಕಟ್ಟಡದಲ್ಲಾಗಲಿ ಭೂಮಿಯಲ್ಲಾಗಲಿ ಮಾಡುವ ಗಣನೀಯ ಬದಲಾವಣೆಯನ್ನು ‘ಅಭಿವೃದ್ಧಿ’ ಎಂದು ಕರೆದು, ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿಗೆ ಒಳಪಡಿಸಿತು. ಬ್ರಿಟನ್ನಿನ 1947ರ ಯೋಜನಾ ಕಾಯಿದೆಯ ನೆರಳನ್ನು ಇಲ್ಲಿ ಗುರುತಿಸಬಹುದು.

ಈ ತಾಲ್ಲೂಕುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ, 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರುಗಳು ಬದಲಾದರೂ ನಿಯಮದ ತಿರುಳು ಬದಲಾಗಲಿಲ್ಲ. ಸ್ಥಳೀಯ ಉಪವಿಧಿಗಳಿಗೆ ಮಾದರಿಯಾಗಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯು ಗ್ಯಾರೇಜಿಗೆ 2.4 ಮೀಟರ್ ಎತ್ತರ ಸಾಕೆನ್ನುತ್ತದೆ. ವಾಸದ ಕೋಣೆಗೆ 2.75 ಮೀಟರ್ ಎತ್ತರವನ್ನೂ, ಒಂದೇ ಕೋಣೆಯಿದ್ದಲ್ಲಿ 9.5 ಚದರ ಮೀಟರ್ ವಿಸ್ತಾರವನ್ನೂ, ಗಾಳಿ ಬೆಳಕಿಗೆ ಕಿಟಕಿಯನ್ನೂ ಕೇಳುತ್ತದೆ. ಪ್ಲೇಗಿನ ಕಾಲದ ಆತಂಕವೇ ಇಲ್ಲಿ ಅಳತೆಯ ರೂಪವನ್ನು ತಾಳಿದೆ. ಇದಕ್ಕೆ ಮುಂದೆ ಇನ್ನೊಂದು ಉದ್ದೇಶವೂ ಕೂಡಿಕೊಂಡಿತು: ವಾಹನಕ್ಕೆ ನಿವೇಶನದೊಳಗೇ ಸ್ಥಳವಿರಬೇಕು, ಅದು ಬೀದಿಗೆ ಬರಬಾರದು ಎಂಬುದು.

ಈ ಎರಡು ಉದ್ದೇಶಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಮಗನಿಗೆ ಮದುವೆಯಾಗಿ ಮನೆ ಸಾಲದೆ ಷೆಡ್ಡಿನಲ್ಲಿ ಸಂಸಾರ ಹೂಡುವವನಿಗೆ ಪರವಾನಗಿಯು ಕೇವಲ ಶುಲ್ಕವಾಗಿ ಕಾಣಬಹುದು. ಅವನು ಕಚೇರಿಗೆ ಹೆದರಿ ಗುಟ್ಟಾಗಿ ಕೋಣೆ ಮಾಡಿಕೊಂಡರೆ ಕಾಗದದೊಡನೆ ಕಿಟಕಿಯೂ ತಪ್ಪಿಹೋಗುತ್ತದೆ. ಬೀದಿಯ ಅನುಕೂಲವನ್ನು ಕಾಯುವ ಭರದಲ್ಲಿ, ಒಳಗೆ ಮಲಗುವವರ ಉಸಿರಿಗಾಗಿ ಹುಟ್ಟಿದ ನಿಯಮವು ತನ್ನ ಮೂಲವನ್ನು ಮರೆಯಬಾರದೆಂಬುದೇ ಈ ಚರಿತ್ರೆಯಿಂದ ತಿಳಿದುಬರುವ ಸಂಗತಿ.