ಭಾರತ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ 33 ಪದಕ ಗೆದ್ದಿತೇ? ಪದಕ ನಿಜ, ಕೂಟದ ಹೆಸರು ಬೇರೆ

ಹಿಮದ ಮೇಲೆ ತ್ರಿವರ್ಣ ಧ್ವಜ ಹಿಡಿದು ನಿಂತ ಯುವಕ ಯುವತಿಯರ ಫೋಟೊ. ಕೆಳಗೆ ಎರಡು ಸಾಲು: 'ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ 33 ಪದಕ. ಟಿವಿಯವರು ತೋರಿಸಲ್ಲ, ನೀವಾದರೂ ಶೇರ್ ಮಾಡಿ.' ಇಂಥ ಸಂದೇಶ ನಿಮ್ಮ ಮನೆಯ ಗ್ರೂಪಿಗೋ ಊರಿನ ಗ್ರೂಪಿಗೋ ಬಂದರೆ ಏನು ಮಾಡುತ್ತೀರಿ? ಒಳ್ಳೆಯ ಸುದ್ದಿ ಅಲ್ಲವೇ ಎಂದು ಮುಂದಕ್ಕೆ ಕಳಿಸುವವರೇ ಹೆಚ್ಚು.

ಸುದ್ದಿ ಒಳ್ಳೆಯದೇ. ಆದರೆ ಅದರಲ್ಲಿ ಒಂದು ಮುಖ್ಯ ತಪ್ಪಿದೆ. ಆ ತಪ್ಪು ತಿದ್ದಿಕೊಂಡರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೆಲವು ಮನೆಗಳಿಗೆ ನೇರವಾಗಿ ಉಪಯೋಗಕ್ಕೆ ಬರುವ ಮಾಹಿತಿಯೂ ಸಿಗುತ್ತದೆ.

ನಿಜ ಸಂಗತಿ ಏನು?

33 ಪದಕ ಬಂದಿದ್ದು ನಿಜ. ಆದರೆ ಅದು ಪ್ಯಾರಾಲಿಂಪಿಕ್ಸ್ ಅಲ್ಲ, ಸ್ಪೆಷಲ್ ಒಲಿಂಪಿಕ್ಸ್ ವಿಶ್ವ ಚಳಿಗಾಲದ ಕ್ರೀಡಾಕೂಟ. 2025ರ ಮಾರ್ಚ್ 8ರಿಂದ 15ರವರೆಗೆ ಇಟಲಿಯ ಟುರಿನ್ ನಗರದಲ್ಲಿ ನಡೆಯಿತು. ಭಾರತದಿಂದ 49 ಮಂದಿಯ ತಂಡ ಹೋಗಿತ್ತು. ಅದರಲ್ಲಿ ಕ್ರೀಡಾಪಟುಗಳು 30 ಮಂದಿ. ಉಳಿದವರು ತರಬೇತುದಾರರು ಮತ್ತು ಸಹಾಯಕ ಸಿಬ್ಬಂದಿ. ತಂಡ ತಂದಿದ್ದು 8 ಚಿನ್ನ, 18 ಬೆಳ್ಳಿ, 7 ಕಂಚು, ಒಟ್ಟು 33.

ಇದಕ್ಕೂ ಹಿಂದೆ, 2017ರಲ್ಲಿ ಆಸ್ಟ್ರಿಯಾದಲ್ಲಿ ನಡೆದ ಇದೇ ಕೂಟದಲ್ಲಿ ಭಾರತ 37 ಚಿನ್ನ ಸೇರಿ 73 ಪದಕ ಗೆದ್ದಿತ್ತು. ಮುಂದಿನ ಕೂಟ ರಷ್ಯಾದ ಕಜಾನ್‌ನಲ್ಲಿ ನಡೆಯಬೇಕಿತ್ತು. ಕೊರೊನಾದಿಂದ ಮುಂದೂಡಿ, ಯುಕ್ರೇನ್ ಯುದ್ಧ ಶುರುವಾದ ಮೇಲೆ ರದ್ದಾಯಿತು. ಹಾಗಾಗಿ ಎಂಟು ವರ್ಷಗಳ ನಂತರ ನಡೆದ ಕೂಟ ಟುರಿನ್‌ನದು.

ಇನ್ನು ಚಳಿಗಾಲದ ಪ್ಯಾರಾಲಿಂಪಿಕ್ಸ್. ಇದು 1976ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾಯಿತು. 2022ರ ಬೀಜಿಂಗ್ ಕೂಟದವರೆಗಿನ 13 ಆವೃತ್ತಿಗಳಲ್ಲಿ ಭಾರತದ ತಂಡ ಒಮ್ಮೆಯೂ ಭಾಗವಹಿಸಿಲ್ಲ. ಬೇಸಿಗೆ ಪ್ಯಾರಾಲಿಂಪಿಕ್ಸ್‌ನ ಕತೆ ಬೇರೆ. ಅಲ್ಲಿ ಭಾರತ ಟೋಕಿಯೊದಲ್ಲಿ 19, 2024ರ ಪ್ಯಾರಿಸ್ ಕೂಟದಲ್ಲಿ 29 ಪದಕ ಗೆದ್ದಿದೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಕೂಟದಲ್ಲಿ ಎತ್ತರ ಜಿಗಿತದ ಬೆಳ್ಳಿ ತಂದಿದ್ದು ಅನೇಕರಿಗೆ ನೆನಪಿದೆ. ಅದೂ ಬೇಸಿಗೆ ಪ್ಯಾರಾಲಿಂಪಿಕ್ಸ್.

ಎರಡಕ್ಕೂ ಏನು ವ್ಯತ್ಯಾಸ?

ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲ ಸಹಜ. ಹೀಗೆ ನೆನಪಿಟ್ಟುಕೊಳ್ಳಿ.

ಪ್ಯಾರಾಲಿಂಪಿಕ್ಸ್: ಮುಖ್ಯವಾಗಿ ದೈಹಿಕ ಅಂಗವೈಕಲ್ಯ ಮತ್ತು ದೃಷ್ಟಿದೋಷ ಇರುವವರಿಗೆ. ಅರ್ಹತಾ ಮಟ್ಟ ದಾಟಿದ ಅತ್ಯುತ್ತಮರಿಗೆ ಮಾತ್ರ ಪ್ರವೇಶ. ಬೌದ್ಧಿಕ ವೈಕಲ್ಯ ಇರುವವರಿಗೆ ಬೇಸಿಗೆ ಕೂಟದ ಕೆಲವೇ ಆಟಗಳಲ್ಲಿ ಅವಕಾಶವಿದೆ. 2000ರ ಸಿಡ್ನಿ ಕೂಟದಲ್ಲಿ ಸ್ಪೇನ್‌ನ ಬಾಸ್ಕೆಟ್‌ಬಾಲ್ ತಂಡ ವೈಕಲ್ಯವೇ ಇಲ್ಲದ ಆಟಗಾರರನ್ನು ಇಳಿಸಿ ಸಿಕ್ಕಿಬಿತ್ತು. ಆ ಮೇಲೆ ಈ ವಿಭಾಗವನ್ನೇ ತೆಗೆದರು. ಬೇಸಿಗೆ ಕೂಟಕ್ಕೆ ಅದು ಮರಳಿದ್ದು 2012ರಲ್ಲಿ. 2022ರ ಚಳಿಗಾಲದ ಕೂಟದಲ್ಲೂ ಅದು ಇರಲಿಲ್ಲ. ಯಾರೋ ಮಾಡಿದ ಮೋಸಕ್ಕೆ ಬೆಲೆ ತೆತ್ತವರು ನಿಜವಾದ ಕ್ರೀಡಾಪಟುಗಳು.

ಸ್ಪೆಷಲ್ ಒಲಿಂಪಿಕ್ಸ್: ಬೌದ್ಧಿಕ ವೈಕಲ್ಯ ಇರುವವರಿಗಾಗಿಯೇ ಇರುವ ಕೂಟ. ಯೂನಿಸ್ ಕೆನಡಿ ಶ್ರೈವರ್ ಕಟ್ಟಿದ ಸಂಸ್ಥೆ. ಮೊದಲ ಕೂಟ 1968ರ ಜುಲೈಯಲ್ಲಿ ಅಮೆರಿಕದ ಶಿಕಾಗೋದಲ್ಲಿ, ಮೊದಲ ಚಳಿಗಾಲದ ಕೂಟ 1977ರಲ್ಲಿ ನಡೆಯಿತು. 8 ವರ್ಷ ತುಂಬಿದವರು ಸ್ಪರ್ಧಿಸಬಹುದು, ಗರಿಷ್ಠ ವಯಸ್ಸು ಎಂದಿಲ್ಲ. ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್.

ಡೆಫ್‌ಲಿಂಪಿಕ್ಸ್: ಕಿವುಡರಿಗಾಗಿ. ಇದೇ ಎಲ್ಲಕ್ಕಿಂತ ಹಳೆಯದು. 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು.

'ಅಲ್ಲಿ ಎಲ್ಲರಿಗೂ ಪದಕ ಕೊಡುತ್ತಾರಂತೆ!'

ಇದು ಅರ್ಧ ಸತ್ಯವೂ ಅಲ್ಲ. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಮೊದಲು ಪ್ರಾಥಮಿಕ ಸುತ್ತು ನಡೆಯುತ್ತದೆ. ಅದರ ಸಮಯ ಅಥವಾ ಅಂಕ ನೋಡಿ, ವಯಸ್ಸು ಮತ್ತು ಲಿಂಗವನ್ನೂ ಗಮನಿಸಿ, ಸಾಮರ್ಥ್ಯದಲ್ಲಿ ಸರಿಸುಮಾರು ಸಮನಾಗಿರುವವರನ್ನು ಒಂದು ಗುಂಪು ಮಾಡುತ್ತಾರೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ 3ರಿಂದ 8 ಮಂದಿ. ಮೊದಲ ಮೂವರಿಗೆ ಪದಕ, ನಾಲ್ಕರಿಂದ ಎಂಟರವರೆಗೆ ರಿಬ್ಬನ್. ಬೇಕೆಂದೇ ಮೊದಲ ಸುತ್ತಿನಲ್ಲಿ ನಿಧಾನವಾಗಿ ಓಡಿ, ಸುಲಭದ ಗುಂಪಿಗೆ ಸೇರಿ, ಫೈನಲ್‌ನಲ್ಲಿ ಏಕಾಏಕಿ ವೇಗ ಹೆಚ್ಚಿಸಿದರೆ ಅನರ್ಹಗೊಳಿಸುವ ನಿಯಮವೂ ಇದೆ.

ಒಂದೇ ಆಟದಲ್ಲಿ ಹಲವು ಗುಂಪು ಇರುವುದರಿಂದ ಪದಕಗಳ ಸಂಖ್ಯೆ ಹೆಚ್ಚು. ಆದ್ದರಿಂದ ಇಲ್ಲಿನ 33ನ್ನು ಪ್ಯಾರಿಸ್‌ನ 29ರ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ. 'ಭಾರತ ವಿಶ್ವದಲ್ಲೇ ನಂಬರ್ ಒನ್' ಎಂಬ ಸಾಲು ಕಂಡರೂ ನಂಬಬೇಡಿ. ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆ ದೇಶವಾರು ಪದಕಪಟ್ಟಿ ಪ್ರಕಟಿಸುವುದೇ ಇಲ್ಲ. ಯಾವ ದೇಶ ಮುಂದು ಎನ್ನುವುದಕ್ಕಿಂತ ಈ ಹುಡುಗ ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂದ ಎನ್ನುವುದು ಅಲ್ಲಿನ ಲೆಕ್ಕ.

'ಹಿಮವೇ ಕಾಣದ ನಮ್ಮ ಕಡೆಯವರಿಗೆ ಇದೆಲ್ಲ ಆಗದು'

ಮಲೆನಾಡಿನಲ್ಲಿ ಡಿಸೆಂಬರ್ ಬೆಳಗಿನ ಇಬ್ಬನಿಯೇ ನಮಗೆ ಗೊತ್ತಿರುವ ಚಳಿ. ಹಾಗೆಂದು ಚಳಿಗಾಲದ ಎಲ್ಲ ಆಟಕ್ಕೂ ಹಿಮ ಬೇಕು ಎಂದಿಲ್ಲ. ಟುರಿನ್‌ನಲ್ಲಿದ್ದ ಎಂಟು ಆಟಗಳಲ್ಲಿ ಎರಡಕ್ಕೆ ಹಿಮವೂ ಬೇಡ, ಮಂಜುಗಡ್ಡೆಯೂ ಬೇಡ.

ಒಂದು ಫ್ಲೋರ್‌ಬಾಲ್. ಹಾಕಿಯ ತಮ್ಮನಂತಿರುವ ಒಳಾಂಗಣ ಆಟ. ಹಗುರ ಕೋಲು, 26 ತೂತುಗಳಿರುವ, 23 ಗ್ರಾಂ ತೂಗುವ ಪ್ಲಾಸ್ಟಿಕ್ ಚೆಂಡು. ಶಾಲೆಯ ಸಭಾಂಗಣ ಸಾಕು. ಅಭ್ಯಾಸಕ್ಕಾದರೆ ಅಡಿಕೆ ಒಣಗಿಸುವ ಅಂಗಳವೂ ಆದೀತು. ಇನ್ನೊಂದು ನೃತ್ಯ, ಅಲ್ಲಿ ಡಾನ್ಸ್‌ಸ್ಪೋರ್ಟ್ ಎನ್ನುತ್ತಾರೆ.

ಸ್ನೋಶೂಯಿಂಗ್ ಎಂದರೆ ಅಗಲವಾದ ಪಾದುಕೆಯಂಥದ್ದನ್ನು ಕಟ್ಟಿಕೊಂಡು ಹಿಮದ ಮೇಲೆ ಓಡುವುದು. ಅಗಲ ಹೆಚ್ಚಿದಷ್ಟೂ ದೇಹದ ಭಾರ ಹಂಚಿಹೋಗಿ ಕಾಲು ಹೂತುಹೋಗುವುದಿಲ್ಲ. ಇದರ ಆರಂಭದ ಅಭ್ಯಾಸವನ್ನು ಮರಳು ಅಥವಾ ಹುಲ್ಲಿನ ಮೇಲೆ ಮಾಡಬಹುದು. ಐಸ್ ಸ್ಕೇಟಿಂಗ್‌ಗೆ ಬೇಕಾದ ಸಮತೋಲನವನ್ನು ರೋಲರ್ ಸ್ಕೇಟಿಂಗ್‌ನಲ್ಲೇ ಕಲಿಯಬಹುದು. ಬೆಳಗಾವಿಯಲ್ಲಿ ಮಕ್ಕಳು ಚಕ್ರದ ಬೂಟು ಕಟ್ಟಿ ಸುತ್ತುವುದು ಹೊಸದೇನಲ್ಲ.

ಹಿಮವಿಲ್ಲದ ನಾಡಿನಿಂದ ಹಿಮಕ್ಕೆ ಹೋದ ಉದಾಹರಣೆ ನಮ್ಮಲ್ಲೇ ಇದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಅವರಿಗೆ ಅಂಗವೈಕಲ್ಯ ಇಲ್ಲ. ಆದರೆ 'ನಮ್ಮ ಕಡೆಯವರಿಗೆ ಆಗದು' ಎಂಬ ಮಾತಿಗೆ ಅವರು ಉತ್ತರ.

'ಅದು ಕಾಯಿಲೆ, ಔಷಧಿಯಿಂದ ಹೋಗುತ್ತದೆ'

ಮೊದಲೆಲ್ಲ ಬುದ್ಧಿಮಾಂದ್ಯ ಎನ್ನುತ್ತಿದ್ದ ಸ್ಥಿತಿಗೆ ಈಗ ಬೌದ್ಧಿಕ ವೈಕಲ್ಯ ಎನ್ನುತ್ತಾರೆ. ಇದು ಮಾನಸಿಕ ಕಾಯಿಲೆ ಅಲ್ಲ, ಅಂಟುವುದಿಲ್ಲ, ಗ್ರಹಚಾರವೂ ಅಲ್ಲ. ಕಲಿಯುವ, ಯೋಚಿಸುವ, ದಿನದ ಕೆಲಸ ನಿಭಾಯಿಸುವ ಶಕ್ತಿ ಬಾಲ್ಯದಿಂದಲೇ ನಿಧಾನವಾಗಿರುತ್ತದೆ. ಡೌನ್ ಸಿಂಡ್ರೋಮ್‌ನಂಥ ವಂಶವಾಹಿ ಕಾರಣ, ಹೆರಿಗೆ ಹೊತ್ತಿನಲ್ಲಿ ಮಗುವಿಗೆ ಆಮ್ಲಜನಕ ಕಡಿಮೆಯಾಗಿದ್ದು, ಮಿದುಳು ಜ್ವರ, ಹೀಗೆ ಕಾರಣ ಹಲವು. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ. ಹುಟ್ಟಿದ ಹೊಸತರಲ್ಲೇ ಪತ್ತೆಯಾದ ಥೈರಾಯ್ಡ್ ಕೊರತೆಯಂಥ ಕೆಲವಕ್ಕೆ ಚಿಕಿತ್ಸೆ ಉಂಟು. ಆದರೆ 'ಬುದ್ಧಿ ಬೆಳೆಸುವ' ಪುಡಿ, ಲೇಹ್ಯ ಎಂದು ಫಾರ್ವರ್ಡ್‌ನಲ್ಲಿ ಬರುವುದಕ್ಕೆ ದುಡ್ಡು ಸುರಿಯಬೇಡಿ. ಬೇಗ ಶುರುಮಾಡಿದ ತರಬೇತಿ, ಶಾಲೆ, ಆಟ, ಇವೇ ಬದಲಾವಣೆ ತರುವುದು.

'ಇಂಥ ಮಕ್ಕಳನ್ನು ಆಡಿಸಿದರೆ ಅಪಾಯ'

ಆಡಿಸದೆ ಕೂರಿಸುವುದರಲ್ಲೂ ಅಪಾಯವಿದೆ. ತೂಕ ಏರುತ್ತದೆ, ಸ್ನಾಯು ಸೋಲುತ್ತದೆ, ಮನೆಯಿಂದ ಹೊರಗೆ ಒಬ್ಬ ಗೆಳೆಯನೂ ಇಲ್ಲವಾಗುತ್ತದೆ. ಆದರೆ ಆಟಕ್ಕೆ ಮೊದಲು ವೈದ್ಯರ ತಪಾಸಣೆ ಬೇಕು. ಮೂರು ವಿಷಯ ನೆನಪಿರಲಿ.

1. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಹೃದಯ ತಪಾಸಣೆ ಆಗಿದೆಯೇ ನೋಡಿ.

2. ಇದೇ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತದೆ. ಕತ್ತುನೋವು, ನಡಿಗೆಯಲ್ಲಿ ಬದಲಾವಣೆ, ಕೈಕಾಲು ಬಲ ಕುಂದುವುದು, ಮೂತ್ರದ ಹತೋಟಿ ಹೊಸದಾಗಿ ತಪ್ಪುವುದು ಕಂಡರೆ ಆಟ ನಿಲ್ಲಿಸಿ ತಕ್ಷಣ ವೈದ್ಯರಿಗೆ ತೋರಿಸಿ. ಲಾಗ ಹಾಕುವುದು, ತಲೆಕೆಳಗಾಗಿ ನೀರಿಗೆ ಧುಮುಕುವುದು, ಇಳಿಜಾರಿನ ಸ್ಕೀಯಿಂಗ್ ಇಂಥವರಿಗೆ ಅಪಾಯ.

3. ಮೂರ್ಛೆರೋಗ ಇದ್ದರೆ ಎಲ್ಲ ಆಟವೂ ನಿಷಿದ್ಧವಲ್ಲ. ಮಾತ್ರೆಯಿಂದ ಹತೋಟಿಯಲ್ಲಿದ್ದರೆ ಹೆಚ್ಚಿನ ಆಟ ಆಡಬಹುದು. ನೀರು, ಎತ್ತರದ ಹತ್ತಿರ ಮಾತ್ರ ಜೊತೆಗೊಬ್ಬರು ಇರಲೇಬೇಕು.

ನಮ್ಮೂರಿನಲ್ಲಿ ಎಲ್ಲಿಂದ ಶುರು?

ಅಂಗವೈಕಲ್ಯ ಇರುವವರ ಹಕ್ಕುಗಳ ಕಾಯ್ದೆ 2016ರ 30ನೇ ಸೆಕ್ಷನ್ ಕ್ರೀಡೆಯನ್ನು ಹಕ್ಕಾಗಿ ಕಾಣುತ್ತದೆ. ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಬೌದ್ಧಿಕ ವೈಕಲ್ಯವೂ ಒಂದು.

ಮೊದಲ ಕೆಲಸ ಯುಡಿಐಡಿ ಕಾರ್ಡು. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯ್ತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ಹಾಕಲು ಅವರೇ ನೆರವಾಗಬೇಕು. ಇಲಾಖೆಯ ಜಿಲ್ಲಾ ಕಚೇರಿ ಕಾರವಾರದಲ್ಲಿದೆ. ಘಟ್ಟ ಇಳಿದು ಅಲ್ಲಿಗೆ ಹೋಗುವ ಮೊದಲು ಪಂಚಾಯ್ತಿಯಲ್ಲಿ ಕೇಳಿಕೊಂಡರೆ ಒಂದು ದಿನದ ದುಡಿಮೆ ಉಳಿಯುತ್ತದೆ.

ಎರಡನೆಯದು ಶಾಲೆ. ಶಿರಸಿಯಲ್ಲಿ ಬೌದ್ಧಿಕ ವೈಕಲ್ಯದ ಮಕ್ಕಳಿಗೆ, ಸಿದ್ದಾಪುರದಲ್ಲಿ ಅಂಧ ಮಕ್ಕಳಿಗೆ ವಿಶೇಷ ಶಾಲೆಗಳಿವೆ. ಸ್ಪೆಷಲ್ ಒಲಿಂಪಿಕ್ಸ್‌ನ ಜಿಲ್ಲಾ, ರಾಜ್ಯ ಮಟ್ಟದ ಆಯ್ಕೆಗೆ ಮಕ್ಕಳು ಹೋಗುವುದು ಸಾಮಾನ್ಯವಾಗಿ ಇಂಥ ಶಾಲೆಗಳ ಮೂಲಕವೇ. ಮಗು ಮಾಮೂಲಿ ಶಾಲೆಯಲ್ಲಿದ್ದರೂ ಅಲ್ಲಿನ ವಿಶೇಷ ಶಿಕ್ಷಕರನ್ನು ಕೇಳಿನೋಡಬಹುದು.

ಶೇರ್ ಮಾಡುವ ಮುನ್ನ

ಕೂಟದ ಹೆಸರು, ಊರು, ವರ್ಷ, ಈ ಮೂರೂ ಸಂದೇಶದಲ್ಲಿವೆಯೇ ನೋಡಿ. ಕೆಳಗೆ ಕ್ಯೂಆರ್ ಕೋಡ್ ಇಟ್ಟು 'ತಂಡಕ್ಕೆ ಸಹಾಯ ಮಾಡಿ' ಎಂದಿದ್ದರೆ ದುಡ್ಡು ಕಳಿಸಬೇಡಿ. ಗುರುತಿರುವ ಮಗುವಿನ ಫೋಟೊ ಹಾಕುವ ಮೊದಲು ಅಪ್ಪ ಅಮ್ಮನನ್ನು ಕೇಳಿ.

ಒಟ್ಟಿನಲ್ಲಿ: 'ಭಾರತಕ್ಕೆ 33 ಪದಕ' ಎನ್ನುವುದು ಸರಿ. 'ಪ್ಯಾರಾಲಿಂಪಿಕ್ಸ್‌ನಲ್ಲಿ' ಎನ್ನುವುದು ತಪ್ಪು. ಗೆದ್ದವರು ಬೌದ್ಧಿಕ ವೈಕಲ್ಯ ಇರುವ ಕ್ರೀಡಾಪಟುಗಳು. ಹೆಸರು ಬದಲಿಸಿದರೆ ಅವರ ಗೆಲುವು ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ. ಜೊತೆಗೆ, 'ನಮ್ಮ ಮಗುವಿಗೂ ಇಂಥದ್ದೊಂದು ದಾರಿ ಇದೆ' ಎಂದು ತಿಳಿಯಬೇಕಾಗಿದ್ದ ತಾಯಿಗೆ ಆ ಸುದ್ದಿ ತಲುಪುವುದೇ ಇಲ್ಲ. ಇನ್ನೊಮ್ಮೆ ಆ ಫೋಟೊ ಬಂದರೆ ಹೆಸರು ತಿದ್ದಿ ಕಳಿಸಿ.