ಹಗೇವಿನಿಂದ ಪತ್ತಿನ ಸಂಘದವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಕೈಹತ್ತಿದ ವರ್ಷ, ಬಡಿಗ, ಕಂಬಾರ, ಕುಂಬಾರ ಮೊದಲಾದ ಆಯಗಾರರ ಪಾಲನ್ನು ಕಣದಲ್ಲಿಯೇ ಅಳೆದುಕೊಟ್ಟು, ಬೇಡಿ ಬಂದವರಿಗೆ ನೀಡಿ, ವರ್ಷದ ಊಟಕ್ಕೆ ತೆಗೆದಿರಿಸಿದ ಬಳಿಕವೂ ಮನೆಯಲ್ಲಿ ಹಿಡಿಸಲಾರದಷ್ಟು ಕಾಳು ಉಳಿಯುತ್ತಿದ್ದಿತು. ಮಳೆ ತಪ್ಪಿದ ವರ್ಷವಾದರೋ ಬಿತ್ತಿದ ಬೀಜವೂ ಮರಳುತ್ತಿರಲಿಲ್ಲ. ಒಂದು ಸುಗ್ಗಿಯ ಬಲದಿಂದಲೇ ಮುಂದಿನ ಬರವನ್ನು ದಾಟಬೇಕಾದ ಇಂತಹ ಸೀಮೆಯಲ್ಲಿ ರೈತನ ಸ್ವಾತಂತ್ರ್ಯವೆಲ್ಲ ನೆಲದೊಳಗಣ ಹಗೇವನ್ನೇ ಆಶ್ರಯಿಸಿದ್ದಿತು.

ನೀರು ಜಿನುಗದ ಗಟ್ಟಿ ನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಒಡಲು ಹಿರಿದಾಗಿಯೂ ಇರುವಂತೆ ತೋಡಿ, ಒಳಗೆ ಬೆಂಕಿಯಿಕ್ಕಿ ತೇವವಾರಿಸಿ, ತಳಕ್ಕೂ ಸುತ್ತಣ ಗೋಡೆಗೂ ಒಣಗಿದ ಕಣಿಕೆ, ಹೊಟ್ಟುಗಳನ್ನು ಒತ್ತಿ, ಜೋಳ ಸುರಿದು, ಹಾಸುಗಲ್ಲೆಳೆದು ಮಣ್ಣು ಮೆತ್ತಿದರೆ, ಅಂಚಿನ ಕಾಳು ಮುಗ್ಗುಹಿಡಿದರೂ ನಡುವಿನದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ತೆರೆಯುವುದೂ ಅವಸರದ ಕೆಲಸವಲ್ಲ. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೆಲ್ಲಗೆ ಇಳಿಸುವರು. ಅದು ನಂದಿದರೆ ಯಾರೂ ಇಳಿಯುವಂತಿಲ್ಲ. ಇಷ್ಟು ಕಷ್ಟಪಟ್ಟು ತೆರೆಯಬೇಕಾದ ಭಂಡಾರವಾದುದರಿಂದಲೇ ಸಣ್ಣಪುಟ್ಟ ಆಸೆಗಳಿಗಾಗಿ ಅದಕ್ಕೆ ಕೈಹಾಕುವವರು ಕಡಿಮೆಯಿದ್ದರೆಂದು ನನಗೆ ತೋರುತ್ತದೆ.

ಕೂಡಿಡುವುದಕ್ಕೂ ಮಿತಿಯುಂಟೆಂಬ ವಿಚಾರ ಈ ನೆಲಕ್ಕೆ ಹೊಸತಲ್ಲ. ಬಾಗೇವಾಡಿಯ ಬಸವಣ್ಣನವರು 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಆಯವ್ಯಯವನ್ನು ಬಲ್ಲವರು. ಅವರ ಸುತ್ತ ನೆರೆದ ಶರಣರು ಕಾಯಕದಿಂದ ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸುವುದನ್ನೇ ಬಾಳಿನ ಕ್ರಮವನ್ನಾಗಿ ಮಾಡಿಕೊಂಡರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಮರಳಿ ಕಳುಹಿದಳೆಂಬ ಕಥೆಯನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ಬಡತನದ ನಡುವೆಯೂ ಇಷ್ಟು ಸಾಕೆನ್ನಬಲ್ಲ ಆ ಗೃಹಿಣಿಯ ಧೈರ್ಯವನ್ನು ನಾನು ಅರ್ಥಶಾಸ್ತ್ರದ ಯಾವ ಸೂತ್ರಕ್ಕಿಂತಲೂ ಮೇಲೆಂದು ಎಣಿಸುತ್ತೇನೆ.

19ನೆಯ ಶತಮಾನದಲ್ಲಿ ಹಗೇವು ತುಂಬಿಡುವ ಕ್ರಮ ಸಡಿಲಿತು. ರಯತವಾರಿ ಪದ್ಧತಿಯಲ್ಲಿ ಕಂದಾಯವನ್ನು ಗೊತ್ತಾದ ಕಂತಿಗೆ ನಗದಾಗಿಯೇ ತುಂಬಬೇಕಾಯಿತು. ಹೊಲವನ್ನು ಒತ್ತೆಯಿಡುವ, ಮಾರುವ ಅಧಿಕಾರವೂ ಕೂಡಿಬಂದುದರಿಂದ ಸಾಲ ಕೊಡುವ ಸಾವಕಾರನಿಗೆ ಭದ್ರತೆ ದೊರೆಯಿತು. 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಧಾರಣೆ ಏರಿದಾಗ ಸಲೀಸಾಗಿ ಹುಟ್ಟಿದ ಸಾಲ, ಯುದ್ಧ ಮುಗಿದು ಧಾರಣೆ ಕುಸಿದೊಡನೆ ಕೊರಳಿಗೆ ಬಿದ್ದಿತು. ಬಿತ್ತಿಗೆಗೆ ಒಯ್ದ ಕಾಳನ್ನು ಸುಗ್ಗಿಯಲ್ಲಿ ಸವಾಯಿಯಾಗಿ, ಎಂದರೆ ಒಂದಕ್ಕೆ ಒಂದೂಕಾಲಾಗಿ, ಅಳೆಯಬೇಕು. ಆ ಲೆಕ್ಕವನ್ನು ಬರೆದಿಡುವವನೂ ಓದಬಲ್ಲವನೂ ಸಾವಕಾರನೇ. ಇದರ ಮೇಲೆ ಧಾತು, ಈಶ್ವರ ಸಂವತ್ಸರಗಳ ಮಹಾಬರ ಎರಗಿತು. 1876–78ರ ಆ ಕ್ಷಾಮದಿಂದ, ಈ ತಾಲೂಕುಗಳು ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. 1884ರಲ್ಲಿ ಹೋಟಗಿ–ಗದಗ ರೈಲುಮಾರ್ಗ ತೆರೆಯಿತು. ಬರದಲ್ಲಿ ಕಾಳು ತರಬಲ್ಲ ಅದೇ ಗಾಡಿ ಸುಗ್ಗಿಯಲ್ಲಿ ಕಾಳನ್ನು ಒಯ್ಯಲೂ ಬಲ್ಲುದಾದ ಕಾರಣ, ಹಗೇವು ತುಂಬುವುದಕ್ಕಿಂತ ಮಾರಿ ರೊಕ್ಕ ಮಾಡುವುದು ಸುಲಭವಾಯಿತು.

1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಲಪತ್ರಗಳನ್ನು ಸುಟ್ಟುಹಾಕಿದ ಮೇಲೆ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತಾದರೂ, ಹಳೆಯ ಸಾಲದ ಬಿಗಿಯನ್ನು ಸಡಿಲಿಸುವ ಕಾಯಿದೆಯಿಂದ ಹೊಸ ಬಿತ್ತಿಗೆಗೆ ರೊಕ್ಕ ಹುಟ್ಟುವಂತಿರಲಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಗಿ, ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಯಿತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಉಳಿದವರ ಆಸ್ತಿಯೂ ಅದಕ್ಕೆ ಬಾಧ್ಯ. ಆದುದರಿಂದ ಬೇಡುವ ರೊಕ್ಕ ಎತ್ತು ಕೊಳ್ಳಲೋ ಮದುವೆಯ ಮೆರವಣಿಗೆಗೋ ಎಂಬುದನ್ನು ನೆರೆಯವರು ಕೇಳದೆ ಇರುವಂತಿರಲಿಲ್ಲ. ಓದಲು ಬಾರದ ಕಾಗದಕ್ಕೆ ಸಾವಕಾರನ ಕಟ್ಟೆಯ ಮೇಲೆ ಹೆಬ್ಬೆಟ್ಟು ಒತ್ತುವುದಕ್ಕಿಂತ, ಸರೀಕರೆದುರು ನಿಂತು ತನ್ನ ಲೆಕ್ಕ ತಾನೇ ಹೇಳುವುದರಲ್ಲಿ ಹೆಚ್ಚಿನ ಮರ್ಯಾದೆಯಿದೆಯೆಂದು ನಾನು ನಂಬುತ್ತೇನೆ. ಆದರೆ ಊರಿಗೆ ಊರೇ ಬರಕ್ಕೆ ಸಿಕ್ಕಾಗ, ಒಬ್ಬರಿಗೊಬ್ಬರು ಹೊಣೆಯಾಗಿ ಮಾಡುವುದಾದರೂ ಏನು? ಹಳ್ಳಿಯ ಸಂಘಗಳ ಬೆನ್ನಿಗೆ ನಿಲ್ಲತಕ್ಕ ಕೇಂದ್ರ ಬ್ಯಾಂಕುಗಳಿಗೆ 1912ರ ಕಾಯಿದೆ ಮನ್ನಣೆಯಿತ್ತುದು ಇಂತಹ ಕೊರತೆಯನ್ನು ತುಂಬುವುದಕ್ಕಾಗಿಯೇ.