ಟ್ರ್ಯಾಕ್ಟರ್ ಟ್ರೇಲರಿನ ತಳಭಾಗಕ್ಕೆ ಪೌಡರ್ ಕೋಟಿಂಗ್: ಆಯ್ಕೆ ಮತ್ತು ನಿರ್ವಹಣೆ

ಕಬ್ಬು, ಭತ್ತ, ಕೊಟ್ಟಿಗೆ ಗೊಬ್ಬರ ಹಾಗೂ ರಸಗೊಬ್ಬರಗಳನ್ನು ಸಾಗಿಸುವ ಟ್ರೇಲರಿಗೆ ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಬೀಳದ ತಳಭಾಗದಲ್ಲಿ. ಚಾಸಿಸ್‌ನ ಮೂಲೆಗಳಲ್ಲಿ ಕುಳಿತ ಕೆಸರು ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಮ್ಯುರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದ ತೂಕದಲ್ಲಿ ಸುಮಾರು ಶೇ. 45ರಷ್ಟು ಕ್ಲೋರೈಡ್ ಇರುವುದರಿಂದ, ಚೀಲದಿಂದ ಉದುರಿದ ಗೊಬ್ಬರವು ತೇವದೊಂದಿಗೆ ಸೇರಿ ಉಕ್ಕನ್ನು ಬೇಗನೆ ತಿನ್ನುತ್ತದೆ. ಇದನ್ನು ತಡೆಯಲು ಪೌಡರ್ ಕೋಟಿಂಗ್ ಉತ್ತಮ ವಿಧಾನ. ಆದರೆ ಅದರ ಬಾಳಿಕೆಯು ಬಣ್ಣಕ್ಕಿಂತ ಹೆಚ್ಚಾಗಿ ಲೇಪನಪೂರ್ವ ಸಿದ್ಧತೆಯನ್ನು ಅವಲಂಬಿಸಿದೆ.

ಮೊದಲು ತಪಾಸಣೆ
ಲೇಪನವು ಲೋಹಕ್ಕೆ ಬಲ ನೀಡುವುದಿಲ್ಲ, ಬಿರುಕನ್ನು ಮರೆಮಾಡುತ್ತದೆ. ಕೊಂಡಿ, ಎಳೆದಂಡ ಮತ್ತು ಆಕ್ಸಲ್ ಕೂಡುವೆಡೆಯ ಬೆಸುಗೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಪರೀಕ್ಷಿಸಬೇಕು. ಬಿರುಕು ಬಿಟ್ಟ ಅಥವಾ ತೆಳುವಾದ ಭಾಗಗಳನ್ನು ದುರಸ್ತಿ ಮಾಡಿದ ನಂತರವೇ ಲೇಪನಕ್ಕೆ ಕೊಡಬೇಕು. ತುಂಬಿದ ಟ್ರೇಲರಿನ ಕೊಂಡಿ ರಸ್ತೆಯಲ್ಲಿ ಮುರಿದರೆ ಜೀವಹಾನಿ ಸಂಭವಿಸಬಹುದು.

ಪುಡಿಯ ಆಯ್ಕೆ
• ಎಪಾಕ್ಸಿ: ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ, ತೇವ ಮತ್ತು ರಾಸಾಯನಿಕಗಳನ್ನು ಚೆನ್ನಾಗಿ ತಡೆಯುತ್ತದೆ. ಬಿಸಿಲಿಗೆ ಮೇಲ್ಮೈ ಸುಣ್ಣದಂತೆ ಉದುರುತ್ತದೆ.
• ಪಾಲಿಯೆಸ್ಟರ್: ಬಿಸಿಲು ಮಳೆಗಳನ್ನು ತಾಳುತ್ತದೆ, ಹೊರಮೈಗೆ ಸೂಕ್ತ.
• ಎಪಾಕ್ಸಿ-ಪಾಲಿಯೆಸ್ಟರ್ ಮಿಶ್ರಣ: ಅಗ್ಗ, ಒಳಾಂಗಣ ವಸ್ತುಗಳಿಗೆ ಮಾತ್ರ ಯೋಗ್ಯ.

ತಳಭಾಗಕ್ಕೆ ಸತುಯುಕ್ತ ಎಪಾಕ್ಸಿ ಪ್ರೈಮರ್ ಹಾಗೂ ಅದರ ಮೇಲೆ ಪಾಲಿಯೆಸ್ಟರ್, ಹೀಗೆ ಎರಡು ಪದರಗಳನ್ನು ಶಿಫಾರಸು ಮಾಡಲಾಗಿದೆ. ಪ್ರತಿ ಪದರವು 60ರಿಂದ 80 ಮೈಕ್ರಾನ್ ದಪ್ಪವಿರಲಿ. ಒಂದೇ ಪದರದ ಲೇಪನವು ಕಲ್ಲಿನ ಏಟಿಗೆ ಬೇಗ ಸಿಡಿಯುತ್ತದೆ; ಅಲ್ಲಿಂದ ತುಕ್ಕು ಲೇಪನದ ಅಡಿಯಲ್ಲೇ ಹರಡುತ್ತದೆ.

ಸಿದ್ಧತೆ
1. ಗ್ರೀಸ್, ಎಣ್ಣೆ ಮತ್ತು ಗೊಬ್ಬರದ ಉಪ್ಪನ್ನು ಸಂಪೂರ್ಣವಾಗಿ ತೊಳೆದು ಒಣಗಿಸಬೇಕು.
2. ಚೂಪಾದ ಅಂಚುಗಳನ್ನು ಉಜ್ಜಿ ದುಂಡಗೆ ಮಾಡಬೇಕು. ಚೂಪಾದ ಅಂಚಿನಲ್ಲಿ ಲೇಪನ ತೆಳುವಾಗುತ್ತದೆ.
3. ಶಾಟ್ ಬ್ಲಾಸ್ಟಿಂಗ್ ಮೂಲಕ ಹಳೆಯ ಬಣ್ಣ ಹಾಗೂ ತುಕ್ಕನ್ನು ತೆಗೆದು, ಅದೇ ದಿನ ಪ್ರೈಮರ್ ಹಾಕಿಸಬೇಕು.
4. ಟೈರ್, ಬೇರಿಂಗ್, ರಬ್ಬರ್ ಬುಷ್, ಸೀಲ್ ಹಾಗೂ ಹೈಡ್ರಾಲಿಕ್ ಸಿಲಿಂಡರ್‌ಗಳನ್ನು ಬಿಚ್ಚಿಡಬೇಕು. ಲೇಪಿತ ಭಾಗಗಳನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವುದರಿಂದ ಇವು ಹಾಳಾಗುತ್ತವೆ.
5. ಬೋಲ್ಟ್‌ನ ಮರೆ ಹಾಗೂ ಗ್ರೀಸ್ ನಿಪ್ಪಲ್‌ಗಳಿಗೆ ಮರೆಪಟ್ಟಿ ಹಾಕಿಸಬೇಕು.
6. ಎರಡೂ ತುದಿ ಮುಚ್ಚಿದ ಪೈಪುಗಳಿಗೆ ಗಾಳಿ ಮತ್ತು ನೀರು ಹೊರಹೋಗಲು ರಂಧ್ರವಿರಬೇಕು.

ಇಡೀ ಚಾಸಿಸ್ ಹಿಡಿಯುವಷ್ಟು ದೊಡ್ಡ ಓವನ್ ಸಮೀಪದಲ್ಲಿ ಇಲ್ಲದಿದ್ದರೆ, ಬಿಚ್ಚಬಹುದಾದ ಭಾಗಗಳಿಗೆ ಮಾತ್ರ ಪೌಡರ್ ಕೋಟಿಂಗ್ ಮಾಡಿಸಿ, ಚಾಸಿಸ್‌ಗೆ ಎರಡು ಘಟಕಗಳ ಎಪಾಕ್ಸಿ ಬಣ್ಣ ಬಳಿಸಬಹುದು.

ಕೆಲಸ ಒಪ್ಪಿಕೊಳ್ಳುವಾಗ
ಮೈಕ್ರಾನ್ ಮಾಪಕದಿಂದ ಹಲವೆಡೆ, ವಿಶೇಷವಾಗಿ ಮೂಲೆ ಮತ್ತು ಬೆಸುಗೆಗಳ ಬಳಿ, ದಪ್ಪವನ್ನು ಅಳೆಸಬೇಕು. ಜೊತೆಗೆ ಅದೇ ರೀತಿ ಲೇಪಿಸಿದ ಒಂದು ತುಂಡು ತಗಡನ್ನು ಕೇಳಿ ಪಡೆಯಬೇಕು. ಅದರ ಮೇಲೆ ಬ್ಲೇಡಿನಿಂದ ಚೌಕುಳಿ ಗೀರಿ, ಅಂಟುಪಟ್ಟಿ ಹಚ್ಚಿ ಥಟ್ಟನೆ ಕೀಳಬೇಕು. ಚೌಕಗಳು ಎದ್ದು ಬಂದರೆ ಸಿದ್ಧತೆ ಅಥವಾ ಬೇಯಿಸುವಿಕೆ ಸರಿಯಾಗಿಲ್ಲ ಎಂದರ್ಥ.

ನಿರ್ವಹಣೆ
ರಸಗೊಬ್ಬರ ಸಾಗಿಸಿದ ದಿನವೇ ತಳಭಾಗವನ್ನು ಶುದ್ಧ ನೀರಿನಿಂದ ತೊಳೆಯಬೇಕು. ಮುಂಗಾರಿಗೆ ಮುನ್ನ ಹಾಗೂ ಕಬ್ಬಿನ ಸಾಗಣೆ ಮುಗಿದ ಮೇಲೆ ಲೇಪನವನ್ನು ಪರಿಶೀಲಿಸಬೇಕು. ಸಿಡಿದ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸತುಯುಕ್ತ ಪ್ರೈಮರ್ ಮತ್ತು ಮೇಲ್ಬಣ್ಣ ಹಚ್ಚಬೇಕು. ನಂತರ ಬೆಸುಗೆ ಮಾಡಿಸಬೇಕಾಗಿ ಬಂದರೆ ಸುತ್ತಲಿನ ಲೇಪನವನ್ನು ಮೊದಲು ಕೆರೆದು ತೆಗೆಸಬೇಕು. ಸುಟ್ಟ ಲೇಪನದ ಹೊಗೆ ವಿಷಕಾರಿ.